ಲಾಹೋರಿನ ಮದುವೆ, ಹದಿನೆಂಟನೇ ಕಾಲಂ

ಅಟಾರಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುತ್ತಿದ್ದ ಅಧಿಕಾರಿ "ಲಾಹೋರಿಗೆ ಯಾಕೆ ಹೊರಟಿದ್ದೀರಿ?" ಅಂತ ಕೇಳಿದರು. "ಮದುವೆಗೆ" ಅಂದೆ. ಗೇಟು ದಾಟಿ ವಾಘಾದಲ್ಲಿ ಕೂತವರೂ ಅದನ್ನೇ ಕೇಳಿದರು, ಅದೇ ಉತ್ತರ ಕೊಟ್ಟೆ. ಮದುವೆ ಅಂದ ಕೂಡಲೇ ಎರಡೂ ಕಡೆಯ ಮುಖಗಳು ಸ್ವಲ್ಪ ಸಡಿಲವಾದವು. 2018ರ ಡಿಸೆಂಬರ್ ಮೊದಲ ವಾರ. ಸಿಖ್ ಯಾತ್ರಿಕರು ಗಡಿ ದಾಟಿ ಗುರುದ್ವಾರಕ್ಕೆ ಹೋಗುವ ದಾರಿ, ಕರ್ತಾರ್‌ಪುರ ಕಾರಿಡಾರಿಗೆ ಅಡಿಗಲ್ಲು ಬಿದ್ದು ಹತ್ತು ದಿನವೂ ಆಗಿರಲಿಲ್ಲ. ಗಡಿಯ ಎರಡೂ ಕಡೆ ಜನ ಆ ಸುದ್ದಿಯ ಖುಷಿಯಲ್ಲೇ ಇದ್ದರು.

ಇಂಗ್ಲೆಂಡಿನಲ್ಲಿ ಓದುವಾಗ ಎರಡು ವರ್ಷ ನನ್ನ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡ ಗೆಳತಿ ಈಗ ಲಾಹೋರಿನಲ್ಲಿ ವಕೀಲೆ. ಕೌಟುಂಬಿಕ ನ್ಯಾಯಾಲಯದ ಮೊಕದ್ದಮೆಗಳೇ ಹೆಚ್ಚು. ಮದುವೆ ಅವಳ ತಂಗಿಯದು. ನನ್ನ ವೀಸಾದಲ್ಲಿ ಲಾಹೋರ್ ಒಂದೇ ಊರು; ಬಂದ ಮಾರನೆಯ ದಿನವೇ ಪೊಲೀಸರ ಬಳಿ ಹೋಗಿ ಹೆಸರು ಬರೆಸಬೇಕು. ಅದೆಲ್ಲ ಬೇಗ ಮುಗಿಯಿತು. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಪಕ್ಕದ ಮನೆಯವರಿಂದ ಕಲಿತ ದಖ್ಖನಿ ಉರ್ದು ಬರುತ್ತದೆ. ಇನ್ನೊಂದು ರೊಟ್ಟಿ ಹಾಕಲು ಬಂದವರಿಗೆ ಬಾಯಿ ತಪ್ಪಿ "ನಕ್ಕೋ" ಅಂದೆ, ದಖ್ಖನಿಯಲ್ಲಿ "ಬೇಡ" ಅಂತ. ಗೆಳತಿಯ ಅಮ್ಮ ಆ ಪದವನ್ನು ಮೂರು ಸಲ ಹೇಳಿಸಿ ಕೇಳಿದರು. ಅಷ್ಟರಲ್ಲಿ ನಾನು ಆ ಮನೆಯವಳಾಗಿದ್ದೆ.

ಮಾರನೆಯ ಮಧ್ಯಾಹ್ನ ಅಮ್ಮ ನನ್ನನ್ನು ಮಾಲ್ ರೋಡಿಗೆ ಕರೆದುಕೊಂಡು ಹೋದರು. ಮಂಜೋ ಹೊಗೆಯೋ ತಿಳಿಯದ ಬೂದು ಬಣ್ಣ ಊರನ್ನೆಲ್ಲ ಮುಚ್ಚಿತ್ತು. ಚಳಿಗಾಲದ ಲಾಹೋರಿಗೆ ಈಗ ಇದೇ ಗಾಳಿ. ಆರೆಂಜ್ ಲೈನ್ ರೈಲಿನ ಕೆಲಸದಿಂದ ಊರಿನ ಅರ್ಧ ರಸ್ತೆಗಳು ಇನ್ನೂ ಹಳ್ಳ ಬಿದ್ದಿದ್ದವು. ಕೆಂಪು ಇಟ್ಟಿಗೆಯ ಹೈಕೋರ್ಟಿನ ಮುಂದೆ ಅಮ್ಮ ನಿಂತರು. "ಇಲ್ಲಿಗೆ ಬರಬೇಕು ಅಂತ ಹೊರಟಿದ್ವಿ. ಬರೋಕೆ ಬಿಡಲಿಲ್ಲ" ಅಂದರು.

ಅವರು ಹೇಳುತ್ತಿದ್ದದ್ದು 1983ರ ಫೆಬ್ರವರಿ 12ರ ಮಾತು. ಜನರಲ್ ಜಿಯಾ ಉಲ್ ಹಕ್ ಕಾಲ. 1979ರಲ್ಲೇ ಹುದೂದ್ ಶಾಸನಗಳು, ಅಂದರೆ ಷರಿಯತ್ತಿನ ಶಿಕ್ಷೆಗಳ ಕಾನೂನುಗಳು, ಬಂದಿದ್ದವು. ಅತ್ಯಾಚಾರಕ್ಕೆ ಹುದೂದ್ ಶಿಕ್ಷೆ ಆಗಬೇಕಾದರೆ ನಾಲ್ಕು ಜನ ಗಂಡಸರು ಕಣ್ಣಾರೆ ಕಂಡು ಸಾಕ್ಷಿ ಹೇಳಬೇಕು. ಅದು ಸಾಬೀತಾಗದೆ ಹೋದರೆ ದೂರು ಕೊಟ್ಟ ಹೆಂಗಸಿನ ಮೇಲೆಯೇ ವ್ಯಭಿಚಾರದ ಆರೋಪ ತಿರುಗಬಹುದು, ಹಾಗೆ ತಿರುಗಿ ಜೈಲು ಸೇರಿದವರು ಎಷ್ಟೋ ಜನ. ಅದರ ಮೇಲೆ ಸಾಕ್ಷ್ಯದ ಹೊಸ ಕಾನೂನೊಂದು ತಯಾರಾಗುತ್ತಿತ್ತು: ಇಬ್ಬರು ಹೆಂಗಸರ ಸಾಕ್ಷಿ ಒಬ್ಬ ಗಂಡಸಿನ ಸಾಕ್ಷಿಗೆ ಸಮ. ಸೇನಾ ಆಡಳಿತದಲ್ಲಿ ಮೆರವಣಿಗೆಗೆ ನಿಷೇಧ ಇತ್ತು. ಆದರೂ ವಕೀಲೆಯರು, 1981ರಲ್ಲಿ ಹುಟ್ಟಿದ್ದ ವಿಮೆನ್ಸ್ ಆಕ್ಷನ್ ಫೋರಂನ ಹೆಂಗಸರು ಮನವಿ ಹಿಡಿದು ಹೈಕೋರ್ಟಿನ ಕಡೆ ಹೊರಟರು. ಕವಿ ಹಬೀಬ್ ಜಾಲಿಬ್ ಅವರ ಜೊತೆಗಿದ್ದರು, ಲಾಠಿ ಏಟು ತಿಂದರು. ಅಶ್ರುವಾಯು ಬಿತ್ತು. ಪೊಲೀಸರು ಹೆಂಗಸರನ್ನು ಕೂದಲು ಹಿಡಿದು ವ್ಯಾನಿಗೆ ಎಳೆದರು.

"ನನಗಾಗ ಇಪ್ಪತ್ತಾರು. ಎರಡು ಮಕ್ಕಳನ್ನ ಅತ್ತೆ ಹತ್ರ ಬಿಟ್ಟು, ಬಟ್ಟೆ ಅಂಗಡಿಗೆ ಹೋಗ್ತೀನಿ ಅಂತ ಸುಳ್ಳು ಹೇಳಿ ಬಂದಿದ್ದೆ. ನೂಕಾಟದಲ್ಲಿ ಒಂದು ಚಪ್ಪಲಿ ಹೋಯ್ತು. ಉಳಿದ ಒಂದನ್ನ ಕೈಲಿ ಹಿಡ್ಕೊಂಡು ಮನೆವರೆಗೂ ಬರಿಗಾಲಲ್ಲಿ ನಡೆದೆ. ಅತ್ತೆ ಬಾಗಿಲಲ್ಲಿ ನಿಂತು ಕಾಲು ನೋಡಿದರು, ಬಿಸಿನೀರು ತಂದಿಟ್ಟರು. ಅಂಗಡಿಯಲ್ಲಿ ಏನು ತಗೊಂಡೆ ಅಂತ ಕೇಳಲಿಲ್ಲ."

ಆ ಅತ್ತೆಯ ಬಗ್ಗೆ ನಾನು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಅವರೂ ಆ ಮೆರವಣಿಗೆಯಲ್ಲಿ ಇದ್ದವರೇ ಅಂತ ನನಗನ್ನಿಸುತ್ತದೆ.

ಸಾಕ್ಷ್ಯದ ಆ ಕಾನೂನು 1984ರಲ್ಲಿ ಬಂದೇ ಬಂತು, ಆದರೆ ಮೊದಲು ಹೆದರಿದಷ್ಟು ವ್ಯಾಪಕವಾಗಿ ಅಲ್ಲ. ಹಣಕಾಸಿನ ಬರಹದ ಒಪ್ಪಂದಗಳಿಗೆ ಆ ಎರಡಕ್ಕೆ ಒಂದರ ಲೆಕ್ಕ ಅಂಟಿಕೊಂಡಿತು. ಅತ್ಯಾಚಾರದ ಕಾನೂನನ್ನು ಹುದೂದ್‌ನಿಂದ ಬಿಡಿಸಿ ದಂಡಸಂಹಿತೆಗೆ ತರುವ ಹೊತ್ತಿಗೆ 2006 ಆಗಿತ್ತು. ಫೆಬ್ರವರಿ 12 ಈಗ ಪಾಕಿಸ್ತಾನದ ರಾಷ್ಟ್ರೀಯ ಮಹಿಳಾ ದಿನ. ನಾನು ಹೋದ 2018ರಲ್ಲೇ, ಫೆಬ್ರವರಿ 11ರಂದು, ವಕೀಲೆ ಅಸ್ಮಾ ಜಹಾಂಗೀರ್ ತೀರಿಕೊಂಡಿದ್ದರು. 1980ರಲ್ಲಿ ತಂಗಿ ಹೀನಾ ಜಿಲಾನಿ ಮತ್ತು ಇನ್ನಿಬ್ಬರ ಜೊತೆ ಹೆಂಗಸರೇ ನಡೆಸುವ ವಕೀಲರ ಕಚೇರಿ ತೆರೆದವರು, 2010ರಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷೆ ಆದವರು. ಗದ್ದಾಫಿ ಸ್ಟೇಡಿಯಂ ಬಳಿ ನಡೆದ ಜನಾಜಾದ, ಅಂದರೆ ಅಂತ್ಯಕ್ರಿಯೆಯ ನಮಾಜಿನಲ್ಲಿ ಹೆಂಗಸರೂ ಸಾಲಿನಲ್ಲಿ ನಿಂತರು. ಗೆಳತಿ ಆ ಸಾಲಿನಲ್ಲಿದ್ದಳು. "ಪಕ್ಕದಲ್ಲಿ ನಿಂತವಳಿಗೆ ಹೇಗೆ ನಿಲ್ಲಬೇಕು ಅಂತ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಯಾವತ್ತೂ ನಿಂತವರೇ ಅಲ್ಲವಲ್ಲ" ಅಂದಳು.

ಮೆಹಂದಿಯ ಸಂಜೆ ಮನೆ ತುಂಬ ಹಳದಿ ದುಪಟ್ಟಾಗಳು, ಢೋಲಕ್ಕು, ಚೆಂಡುಹೂವು. ಚೆಂಡುಹೂವಿನ ವಾಸನೆಗೆ ನನಗೆ ದೀಪಾವಳಿಯ ಹುಬ್ಬಳ್ಳಿ ಮಾರುಕಟ್ಟೆ ನೆನಪಾಯಿತು. ಊಟದ ಮೇಜಿನ ಒಂದು ಮೂಲೆಯಲ್ಲಿ ಗೆಳತಿ ಒಂದು ಖಾಲಿ ನಿಕಾಹ್‌ನಾಮಾ, ಅಂದರೆ ಮದುವೆಯ ಕರಾರುಪತ್ರ, ಬಿಡಿಸಿಟ್ಟುಕೊಂಡು ತಂಗಿಗೆ ಓದಿ ಹೇಳುತ್ತಿದ್ದಳು. ನಾನು ಆ ಕಾಗದವನ್ನು ಮೊದಲ ಸಲ ನೋಡಿದ್ದು ಆಗಲೇ. ಉದ್ದನೆಯ ಸರ್ಕಾರಿ ಫಾರಂ, ಇಪ್ಪತ್ತೈದು ಕಾಲಂ. ಹದಿಮೂರರಲ್ಲಿ ಮೆಹರ್, ಅಂದರೆ ವರ ವಧುವಿಗೆ ಕೊಡಬೇಕಾದ ಹಣ ಅಥವಾ ಒಡವೆ, ಎಷ್ಟು. ಹದಿನೇಳರಲ್ಲಿ ವಿಶೇಷ ಷರತ್ತುಗಳು. ಹದಿನೆಂಟರಲ್ಲಿ ಒಂದು ಪ್ರಶ್ನೆ: ತಲಾಖ್ ಕೊಡುವ ಹಕ್ಕನ್ನು ಗಂಡ ಹೆಂಡತಿಗೆ ವಹಿಸಿದ್ದಾನೆಯೇ? ಹೌದಾದರೆ ಯಾವ ಷರತ್ತಿನ ಮೇಲೆ?

ತಲಾಖ್-ಎ-ತಫ್ವೀಜ್ ಅಂತ ಇದಕ್ಕೆ ಹೆಸರು. ಇಸ್ಲಾಮಿ ಕಾನೂನಿನ ಒಳಗೇ ಇರುವ ಹಳೆಯ ಹಕ್ಕು. ಅಲ್ಲಿ "ಹೌದು" ಎಂದು ಬರೆದರೆ, ಬದುಕು ಸಾಗದು ಅನ್ನಿಸಿದ ದಿನ ಹೆಂಡತಿ ತಾನೇ ವಿಚ್ಛೇದನ ಹೇಳಬಹುದು. ಸ್ಥಳೀಯ ಆಡಳಿತವಾದ ಯೂನಿಯನ್ ಕೌನ್ಸಿಲ್‌ಗೆ ನೋಟಿಸ್ ಕೊಟ್ಟು ತೊಂಬತ್ತು ದಿನ ಕಾದರೆ ಸಾಕು, ಮೆಹರ್‌ನ ಹಕ್ಕೂ ಉಳಿಯುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಖುಲಾ, ಅಂದರೆ ಹೆಂಡತಿ ಬೇಡುವ ವಿಚ್ಛೇದನ, ಕೇಳಿ ಕೋರ್ಟಿಗೆ ಹೋಗಬೇಕು, ತಾರೀಖಿನ ಮೇಲೆ ತಾರೀಖು, ಕೊನೆಗೆ ಮೆಹರ್ ಬಿಟ್ಟುಕೊಡುವ ಮಾತು. ಗಂಡ ಒಪ್ಪದಿದ್ದರೂ ಕೋರ್ಟು ಖುಲಾ ಕೊಡಬಹುದು ಎಂದು ಲಾಹೋರಿನ ಹೈಕೋರ್ಟು 1959ರಲ್ಲಿ, ಸುಪ್ರೀಂ ಕೋರ್ಟು 1967ರಲ್ಲಿ ಹೇಳಿದ್ದೇ ದೊಡ್ಡ ಹೆಜ್ಜೆಯಾಗಿತ್ತು.

ಈ ಕಾಗದ ಹುಟ್ಟಿದ ಕಥೆ ಗೆಳತಿಗೆ ಬಾಯಿಪಾಠ. 1955ರಲ್ಲಿ ಪ್ರಧಾನಿ ಮಹಮ್ಮದ್ ಅಲಿ ಬೋಗ್ರಾ ಹೆಂಡತಿ ಇರುವಾಗಲೇ ಇನ್ನೊಂದು ಮದುವೆಯಾದರು. ರಾನಾ ಲಿಯಾಕತ್ ಅಲಿ ಖಾನ್ 1949ರಲ್ಲಿ ಕಟ್ಟಿದ್ದ ಮಹಿಳಾ ಸಂಘ ಸಿಡಿದೆದ್ದಿತು. ಸರ್ಕಾರ ಮದುವೆ ಕಾನೂನುಗಳ ಬಗ್ಗೆ ಆಯೋಗ ಮಾಡಬೇಕಾಯಿತು. ಅದರ ವರದಿ ವರ್ಷಗಟ್ಟಲೆ ಕೂತು, ಕೊನೆಗೆ ಅಯೂಬ್ ಖಾನ್ ಕಾಲದಲ್ಲಿ 1961ರ ಮುಸ್ಲಿಂ ಕೌಟುಂಬಿಕ ಕಾನೂನುಗಳ ಶಾಸನವಾಯಿತು. ಮದುವೆ ನೋಂದಣಿ ಕಡ್ಡಾಯ ಮಾಡಿದ್ದು, ಈ ಫಾರಂ ಬಂದದ್ದು ಅದರಿಂದಲೇ. ಅಂದರೆ ಆ ಹದಿನೆಂಟನೇ ಚೌಕ ಆ ಮನೆಯ ಮದುಮಗಳ ಅಮ್ಮನ ಕಾಲದಿಂದಲೂ ಅಲ್ಲೇ ಇತ್ತು.

ನನ್ನ ಕೈಗೆ ಗೋರಂಟಿ ಹಾಕುತ್ತಿದ್ದ ಹೆಂಗಸು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನನಗೆ ತಿಳಿದದ್ದು ಅವಳ ಕೋನು ನನ್ನ ಹೆಬ್ಬೆರಳ ಬುಡದಲ್ಲಿ ನಿಂತೇ ಹೋದಾಗ. ಅಲ್ಲೊಂದು ಚುಕ್ಕೆ ದೊಡ್ಡದಾಗುತ್ತಾ ಹೋಯಿತು. ಮೂವತ್ತರ ಆಸುಪಾಸು, ಬ್ಯೂಟಿ ಪಾರ್ಲರಿನಲ್ಲಿ ಕೆಲಸ. "ಬಾಜಿ, ಆ ಅಠಾರಾ ನಂಬರು ನನ್ನ ಕಾಗದದಲ್ಲೂ ಇರುತ್ತಾ?" ಅಂತ ಗೆಳತಿಯನ್ನು ಕೇಳಿದಳು. ಎಲ್ಲರ ಕಾಗದದಲ್ಲೂ ಇರುತ್ತದೆ ಅಂದಳು ಗೆಳತಿ. ಅವಳು ತನ್ನ ನಿಕಾಹ್‌ನಾಮಾ ನೋಡಿಯೇ ಇರಲಿಲ್ಲ. ಹೆಬ್ಬೆಟ್ಟು ತೋರಿಸಿದ ಜಾಗದಲ್ಲಿ ಒತ್ತಿದ್ದಳು, ಅಷ್ಟೇ. ಆರು ವರ್ಷ ಹೊಡೆತ ತಿಂದು, ಎರಡು ವರ್ಷ ಕೋರ್ಟು ಸುತ್ತಿ, ಮೆಹರ್‌ಗೆ ಬಂದಿದ್ದ ಚಿನ್ನದ ಓಲೆ ವಾಪಸು ಕೊಟ್ಟು ಖುಲಾ ತೆಗೆದುಕೊಂಡಿದ್ದಳು. ಹರಡಿಹೋದ ಆ ಚುಕ್ಕೆಯನ್ನು ಹತ್ತಿಯಿಂದ ಒರೆಸಿ, ಅದರ ಸುತ್ತ ಎಸಳು ಬಿಡಿಸಿ ಹೂವು ಮಾಡಿದಳು. ಮುಗಿಸಿ ಏಳುವಾಗ, "ಫೆಬ್ರವರಿಯಲ್ಲಿ ನನ್ನ ತಂಗಿ ಮದುವೆ. ಆ ಖಾಲಿ ಫಾರಂ ಒಂದು ಸಿಗುತ್ತಾ?" ಅಂದಳು.

ನಿಕಾಹ್‌ನ ಸಂಜೆ ರಿಜಿಸ್ಟ್ರಾರ್ ಬಂದರು. ಬಿಳಿ ಗಡ್ಡದ, ಮೆತ್ತಗೆ ಮಾತಾಡುವ ಹಿರಿಯರು. ಚೀಲದಿಂದ ನಾಲ್ಕು ಪ್ರತಿ ತೆಗೆದು ಹರವಿದರು. ವಧುವಿಗೊಂದು, ವರನಿಗೊಂದು, ರಿಜಿಸ್ಟ್ರಾರ್‌ಗೊಂದು, ಯೂನಿಯನ್ ಕೌನ್ಸಿಲ್‌ಗೊಂದು. ಹೆಸರುಗಳನ್ನು ಇನ್ನೂ ಬರೆದಿರಲಿಲ್ಲ. ಆದರೆ ಹದಿನೇಳರಿಂದ ಇಪ್ಪತ್ತರವರೆಗೆ ನಾಲ್ಕೂ ಪ್ರತಿಗಳಲ್ಲಿ ಒಂದು ಓರೆ ಗೆರೆ ಆಗಲೇ ಬಿದ್ದಿತ್ತು. ನೀಲಿ ಬಾಲ್‌ಪೆನ್ನಿನ ಗೆರೆ. ಬೇಗ ಎಳೆದದ್ದು, ಕೊನೆಯಲ್ಲಿ ಸಣ್ಣ ಬಾಲ ಬೇರೆ. ನಾನು ಅಷ್ಟು ಹತ್ತಿರದಿಂದ ಕಂಡ ಅತಿ ದೊಡ್ಡ ಅನ್ಯಾಯ ಅದು ಅಂತ ಈಗಲೂ ಅನ್ನಿಸುತ್ತದೆ. ಕೂಗಾಟ ಇಲ್ಲ, ಕೆಟ್ಟ ಮನಸ್ಸೂ ಇಲ್ಲ. ಪೆನ್ನು ರೂಢಿಯಿಂದ ಓಡಿತ್ತು.

ಗೆಳತಿ ಕೇಳಿದ್ದಕ್ಕೆ ಅವರು, "ಯಾರೂ ಕೇಳೋದಿಲ್ಲ ಬೇಟಿ. ಅದಕ್ಕೇ ಮನೆಯಲ್ಲೇ ಗೆರೆ ಎಳ್ಕೊಂಡು ಬರ್ತೀನಿ" ಅಂದರು. ಪಂಜಾಬ್ ಪ್ರಾಂತ್ಯ 2015ರಲ್ಲಿ ತಿದ್ದುಪಡಿ ತಂದಿದೆ. ಪ್ರತಿ ಕಾಲಂಗೂ ವಧುವರರನ್ನು ಕೇಳಿಯೇ ಉತ್ತರ ತುಂಬಬೇಕು, ತಪ್ಪಿದರೆ ಒಂದು ತಿಂಗಳವರೆಗೆ ಜೈಲು, ಇಪ್ಪತ್ತೈದು ಸಾವಿರ ರೂಪಾಯಿ ದಂಡ. ಗೆಳತಿ ಅದನ್ನು ದನಿ ಏರಿಸದೆ ಹೇಳಿದಳು. ವರನ ಕಡೆಯ ಹಿರಿಯರೊಬ್ಬರಿಗೆ ಸರಿಬರಲಿಲ್ಲ. "ಮದುವೆ ದಿನವೇ ತಲಾಖ್ ಮಾತೇ? ಅಪಶಕುನ." ನಮ್ಮ ಕಡೆ ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಪಾಲಿನ ಆಸ್ತಿ ಎತ್ತಿದರೆ ಹಿರಿಯರ ಮುಖ ಹೇಗಾಗುತ್ತದೋ ಅವರದ್ದೂ ಹಾಗೇ ಆಗಿತ್ತು. ಕೋಣೆ ಒಂದು ಗಳಿಗೆ ಮೌನ. ಆಗ ವರ, ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಹುಡುಗ, "ಚಾಚಾ, ಇದು ನಾವಿಬ್ಬರೂ ಮೊದಲೇ ಮಾತಾಡಿ ಒಪ್ಪಿದ್ದು. ಹೊಸ ಫಾರಂ ತೆಗೀರಿ" ಅಂದ.

ರಿಜಿಸ್ಟ್ರಾರ್ ಚೀಲ ತಡಕಿದರು. ಇದ್ದ ಎಲ್ಲ ಫಾರಂಗಳಲ್ಲೂ ಗೆರೆ ಇತ್ತು. ಹೊಸತು ತರಲು ಯಾರನ್ನೋ ಸ್ಕೂಟರಿನಲ್ಲಿ ಕಳಿಸಿ ಮುಕ್ಕಾಲು ಗಂಟೆ ಕಾದೆವು. ಹತ್ತು ಗಂಟೆಗೆ ಮದುವೆ ಹಾಲು ಮುಚ್ಚಲೇಬೇಕು, ಒಂದೇ ಬಗೆ ಅಡುಗೆ ಬಡಿಸಬೇಕು ಅನ್ನುವ ಕಾನೂನು ಅಲ್ಲಿದೆ, ಅದನ್ನು ಎಲ್ಲರೂ ಗಡಿಯಾರ ನೋಡಿಕೊಂಡು ಪಾಲಿಸುತ್ತಾರೆ. ಅವತ್ತೂ ಎಲ್ಲರ ಕಣ್ಣು ಗಡಿಯಾರದ ಮೇಲೆ. ಕೊನೆಗೆ ಒಳಕೋಣೆಯಲ್ಲಿ ಕೂತಿದ್ದ ಮದುಮಗಳ ಬಳಿ ಹೋಗಿ ಹದಿನೆಂಟನೆಯದನ್ನು ಓದಿ ಕೇಳಿದರು. ಅವಳು ಕೆಂಪು ದುಪಟ್ಟಾ ಸ್ವಲ್ಪ ಸರಿಸಿ, "ಜೀ ಹಾಂ, ಷರತ್ತಿಲ್ಲದೆ" ಅಂದಳು. ನಾಲ್ಕು ಸಲ ಬರೆದರು. ಆಮೇಲೆ ಕುಬೂಲ್ ಹೈ. ಅಮ್ಮ ನನ್ನ ಪಕ್ಕದಲ್ಲೇ ಇದ್ದರು, ಅತ್ತರು.

ಹೊರಡುವ ಹಿಂದಿನ ದಿನ ಗೆಳತಿ ಒಂದು ಖಾಲಿ ಫಾರಂ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಮೆಟ್ರೊ ಬಸ್ಸು ಹತ್ತಿದೆವು. ಮುಂದಿನ ಭಾಗ ಹೆಂಗಸರದ್ದು. ಕಾಲೇಜು ಹುಡುಗಿಯರು, ನರ್ಸುಗಳು, ಮಗುವನ್ನು ಮಡಿಲಲ್ಲಿಟ್ಟು ತೂಕಡಿಸುವ ತಾಯಂದಿರು. ಕಿಟಕಿಯಾಚೆ ಸ್ಕೂಟಿ ಓಡಿಸಿಕೊಂಡು ಹೋಗುತ್ತಿದ್ದ ಇಬ್ಬರು ಹುಡುಗಿಯರನ್ನು ಗೆಳತಿ ತೋರಿಸಿದಳು. "ನಾನು ಕಾಲೇಜಿಗೆ ಹೋಗುವಾಗ ಇದನ್ನು ನೋಡಿಯೇ ಇರಲಿಲ್ಲ."

ಭಾಟಿ ಗೇಟಿನ ಒಳಗಿನ ಗಲ್ಲಿಗಳಲ್ಲಿ ಎರಡು ಕೋಣೆಯ ಮನೆ. ಗೋರಂಟಿಯವಳು ಬಾಗಿಲಲ್ಲೇ ಕಾಯುತ್ತಿದ್ದಳು. ತಂಗಿಗೆ ಹದಿನೆಂಟು ತುಂಬಿದೆ ಅಂತ ಮೊದಲೇ ಹೇಳಿದಳು, ಯಾರೂ ಕೇಳುವ ಮುಂಚೆ. ಪಂಜಾಬಿನಲ್ಲಿ ಹೆಣ್ಣಿನ ಮದುವೆ ವಯಸ್ಸು ಆಗ ಇನ್ನೂ ಹದಿನಾರೇ. ಸಿಂಧ್ ಮಾತ್ರ ಹದಿನೆಂಟಕ್ಕೆ ಏರಿಸಿತ್ತು. ನಮಗೂ ಅವರಿಗೂ ಒಂದೇ ಆಗಿದ್ದ ಬಾಲ್ಯವಿವಾಹ ತಡೆಯುವ 1929ರ ಶಾರದಾ ಕಾಯ್ದೆಯಿಂದ ಹೊರಟವರು ನಾವೆಲ್ಲ. ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾ ಬಂತು. ತಂದೆ ಹಾಸಿಗೆಯ ತುದಿಯಲ್ಲಿ ಕೂತು, "ಇದೆಲ್ಲ ಮೌಲ್ವಿ ಸಾಹೇಬರು ಬರೆಯೋದು ಬೇಟಿ, ನಾವಲ್ಲ" ಅಂದರು. ಗದರಲಿಲ್ಲ, ಒಪ್ಪಲೂ ಇಲ್ಲ.

ಆ ಮನೆಯಲ್ಲಿ ಓದು ಬರುವವಳು ಆ ತಂಗಿ ಒಬ್ಬಳೇ, ಮೆಟ್ರಿಕ್ ಮುಗಿಸಿದ್ದಾಳೆ. ಫಾರಂ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದನೇ ಕಾಲಂನಿಂದ ಗಟ್ಟಿಯಾಗಿ ಓದತೊಡಗಿದಳು. ವಾರ್ಡಿನ ಹೆಸರು, ಊರು, ವರನ ಹೆಸರು, ವರನ ವಯಸ್ಸು. ತಾಯಿ ಪರಾತದಲ್ಲಿ ಕಲಸುತ್ತಿದ್ದ ಹಿಟ್ಟಿನಿಂದ ಕೈ ತೆಗೆದು ಕೇಳುತ್ತಿದ್ದರು. ಮೆಹರ್ ಬಂದಾಗ ಅಕ್ಕ "ನಿಧಾನ ಓದು" ಅಂದಳು. ಹದಿನೆಂಟು ಬಂತು. ಓದಿದಳು. ಮತ್ತೆ ಮೊದಲಿನಿಂದ ಅದನ್ನೇ ಓದಿದಳು, ಈ ಸಲ ಒಂದೊಂದೇ ಪದ ಬಿಡಿಸಿ. ತಂದೆ ಎದ್ದು ಹೊರಗೆ ಹೋಗಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು, "ಮುಂದೆ ಏನಿದೆ?" ಅಂದರು. ಅವಳು ಹತ್ತೊಂಬತ್ತಕ್ಕೆ ಹೋದಳು.