ಎದೆನೋವಿನ ಕೈಪಿಡಿಯಲ್ಲಿ ಸಿಕ್ಕಿದ ಕ್ರೆಶೆಂಡೋ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಹೊಟ್ಟೆಪಾಡು. ಔಷಧಿ ಡಬ್ಬಿಯೊಳಗಿನ ಚೀಟಿ, ಬ್ಯಾಂಕಿನ ಷರತ್ತುಗಳು, ಮಿಕ್ಸಿ ಬಳಸುವ ಕ್ರಮ, ಆಗಾಗ ಒಂದಿಷ್ಟು ಕ್ರಿಕೆಟ್ಟು. ಬಂದದ್ದನ್ನು ಬೇಡ ಅನ್ನುವುದಿಲ್ಲ. ಕೆಲವು ವರ್ಷಗಳ ಹಿಂದೆ ಹೃದ್ರೋಗಿಗಳ ಕೈಗೆ ಕೊಡುವ ಒಂದು ಪುಟ್ಟ ಕೈಪಿಡಿ ಬಂತು. ‘ತಕ್ಷಣ ಆಸ್ಪತ್ರೆಗೆ ಬನ್ನಿ’ ಎಂಬ ತಲೆಬರಹದ ಕೆಳಗೆ ‘ಕ್ರೆಶೆಂಡೋ ಆಂಜೈನಾ’ ಅಂತ ಇತ್ತು. ಆಂಜೈನಾ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಬರುವ ಎದೆನೋವು, ಅದು ಗೊತ್ತಿತ್ತು. ಕ್ರೆಶೆಂಡೋ ಅದಕ್ಕಿಂತ ಚೆನ್ನಾಗಿ ಗೊತ್ತು ಅಂದುಕೊಂಡೆ. ನಿಘಂಟು ತೆರೆಯಲೇ ಇಲ್ಲ.

ನನಗೆ ಆ ಪದ ಗೊತ್ತಿದ್ದದ್ದು ಇಂಗ್ಲಿಷ್ ಪತ್ರಿಕೆಗಳಿಂದ. ಕ್ರೀಡಾಂಗಣದ ಗದ್ದಲ ಕ್ರೆಶೆಂಡೋ ಮುಟ್ಟಿತು, ಸಂಸತ್ತಿನಲ್ಲಿ ವಿರೋಧ ಕ್ರೆಶೆಂಡೋ ಮುಟ್ಟಿತು, ಹೀಗೆ. ಎಲ್ಲೇ ನೋಡಿದರೂ ಮುಟ್ಟುವ ಮಾತೇ. ಮುಟ್ಟುತ್ತದೆ ಎಂದಮೇಲೆ ಅದೊಂದು ತುದಿ ಇರಬೇಕಲ್ಲ? ಕನ್ನಡದಲ್ಲಿ ಅದಕ್ಕೆ ನನ್ನ ಬೆರಳುಗಳು ಬಾಯಿಪಾಠ ಮಾಡಿಕೊಂಡಿದ್ದ ಪದ ‘ತಾರಕಕ್ಕೇರಿತು’. ಮೊದಲು ‘ತಾರಕಕ್ಕೇರಿದ ಎದೆನೋವು’ ಎಂದೇ ಟೈಪಿಸಿದೆ. ಪುಟ ಮೂರರ ಸುದ್ದಿಯ ಹಾಗೆ ಕಂಡಿತು. ಅಳಿಸಿ ‘ತೀವ್ರ ಹಂತ ತಲುಪಿದ ಎದೆನೋವು’ ಎಂದು ಮಾಡಿ, ಜವಾಬ್ದಾರಿ ಮೆರೆದ ಸಮಾಧಾನದಲ್ಲಿ ಫೈಲು ಕಳಿಸಿದೆ.

ವೈದ್ಯಕೀಯ ಕೆಲಸದಲ್ಲಿ ಬ್ಯಾಕ್ ಟ್ರಾನ್ಸ್‌ಲೇಷನ್ ಅಂತ ಒಂದು ಸುತ್ತು ಇರುತ್ತದೆ. ಮೂಲವನ್ನು ನೋಡದ ಇನ್ನೊಬ್ಬರು ನಮ್ಮ ಕನ್ನಡವನ್ನು ತಿರುಗಿ ಇಂಗ್ಲಿಷಿಗೆ ತರುತ್ತಾರೆ. ಎರಡೂ ಇಂಗ್ಲಿಷನ್ನು ಅಕ್ಕಪಕ್ಕ ಇಟ್ಟು ತಜ್ಞರು ನೋಡುತ್ತಾರೆ. ದುಡ್ಡು ಉಳಿಸಲು ಈ ಸುತ್ತನ್ನೇ ಬಿಡುವವರಿದ್ದಾರೆ, ಪುಣ್ಯಕ್ಕೆ ಇವರು ಬಿಟ್ಟಿರಲಿಲ್ಲ. ನಾಲ್ಕನೇ ದಿನ ಪರಿಶೀಲನೆಗೆ ಕೂತಿದ್ದ ಹೃದ್ರೋಗ ತಜ್ಞೆಯೊಬ್ಬರು ಕರೆಸಿದರು. ನನ್ನ ಸಾಲಿನ ಸುತ್ತ ಕೆಂಪು ಇಂಕಿನ ವೃತ್ತ.

“ಇದನ್ನ ಬರೆದಿದ್ದು ನೀವೇನಾ?”

“ಹೌದು ಮೇಡಂ.”

“ಇದನ್ನ ಓದಿದ ಪೇಷೆಂಟು ಏನು ಮಾಡ್ತಾರೆ ಗೊತ್ತಾ? ಮನೇಲೇ ಕೂತ್ಕೋತಾರೆ. ನನ್ನ ನೋವು ಇನ್ನೂ ಅಷ್ಟು ಜೋರಾಗಿಲ್ಲವಲ್ಲ, ಆದಾಗ ಹೋದರಾಯ್ತು ಅಂತ.”

ಅವರು ವಿವರಿಸಿದ್ದು ಹೀಗೆ. ಒಬ್ಬರಿಗೆ ಎರಡು ಮಹಡಿ ಹತ್ತಿದರೆ ಎದೆ ಹಿಡಿದಂತಾಗುತ್ತಿತ್ತು, ತಿಂಗಳಿಗೊಮ್ಮೆ. ಐದು ನಿಮಿಷ ಕೂತರೆ ಸರಿಹೋಗುತ್ತಿತ್ತು. ಆಮೇಲೆ ವಾರಕ್ಕೊಮ್ಮೆ ಆಯಿತು. ಒಂದೇ ಮಹಡಿಗೆ ಬರತೊಡಗಿತು. ಈಗ ಬಚ್ಚಲಿಗೆ ಹೋಗಿ ಬಂದರೂ ಬರುತ್ತದೆ, ಕೂತರೂ ಬೇಗ ಇಳಿಯುವುದಿಲ್ಲ. ಇವತ್ತಿನ ನೋವು ನಿನ್ನೆಯದಕ್ಕಿಂತ ಭಾರೀ ಜೋರಾಗಿರಬೇಕು ಅಂತೇನಿಲ್ಲ. ಪದೇಪದೇ ಬರುವುದು, ಕಡಿಮೆ ಶ್ರಮಕ್ಕೇ ಬರುವುದು, ಹೆಚ್ಚು ಹೊತ್ತು ನಿಲ್ಲುವುದು, ಈ ಏರಿಕೆಯೇ ಅಪಾಯದ ಗುರುತು. ತುದಿ ಮುಟ್ಟುವವರೆಗೆ ಕಾಯಬಾರದು ಅಂತಲೇ ಆ ಸಾಲು ಅಲ್ಲಿತ್ತು. ನಾನು ಕಾಯಿರಿ ಎಂದು ಬರೆದಿದ್ದೆ.

ಅದೇ ಕಾಗದದ ಹಿಂಬದಿಯಲ್ಲಿ ಅವರು ಇನ್ನೊಂದು ಚಿತ್ರ ಬರೆದು ತೋರಿಸಿದರು. ಮಹಾಧಮನಿಯ ಕವಾಟ ಕಿರಿದಾದವರ ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ, ಹೃದಯ ಬಡಿತದ ಲಬ್ ಮತ್ತು ಡಬ್ ನಡುವೆ ಒಂದು ಮರ್ಮರ ಕೇಳುತ್ತದಂತೆ. ಸಣ್ಣಗೆ ಶುರುವಾಗಿ, ಹೆಚ್ಚುತ್ತಾ ಹೋಗಿ, ಕುಗ್ಗುತ್ತಾ ಮುಗಿಯುತ್ತದೆ. ಅದರ ಹೆಸರು ಕ್ರೆಶೆಂಡೋ–ಡಿಕ್ರೆಶೆಂಡೋ. ಒಂದು ಬಿಂದುವಿನಿಂದ ಎರಡು ಗೆರೆ ಅಗಲವಾಗುತ್ತಾ ಹೋಗಿ, ಮತ್ತೆ ಕಿರಿದಾಗುತ್ತಾ ಬಂದು ಇನ್ನೊಂದು ಬಿಂದುವಿನಲ್ಲಿ ಕೂಡಿದವು. ಥೇಟ್ ಇಸ್ಪೀಟಿನ ಡೈಮಂಡು. ಪಾಶ್ಚಾತ್ಯ ಸಂಗೀತದ ಹಾಳೆಯಲ್ಲಿ ಕ್ರೆಶೆಂಡೋಗೆ, ಅಂದರೆ ಸದ್ದು ಮೆಲ್ಲಮೆಲ್ಲಗೆ ಜೋರಾಗುತ್ತಾ ಹೋಗುವುದಕ್ಕೆ, ಹಾಕುವ ಗುರುತೂ ಆ ಡೈಮಂಡಿನ ಮೊದಲರ್ಧವೇ. ಲೆಕ್ಕದ ಪುಸ್ತಕದ ‘ಕಡಿಮೆ’ ಚಿಹ್ನೆಯನ್ನು ಉದ್ದಕ್ಕೆ ಎಳೆದ ಹಾಗಿರುತ್ತದೆ. ಅಂದರೆ ಸಂಗೀತದ ಅರ್ಥವನ್ನು ವೈದ್ಯರು ಹಾಗೇ ಜೋಪಾನವಾಗಿ ಇಟ್ಟುಕೊಂಡಿದ್ದಾರೆ, ಕೆಡಿಸಿದ್ದು ನಮ್ಮಂಥ ಬರೆಯುವವರು.

ಅವತ್ತು ಮನೆಗೆ ಬಂದು ನಿಘಂಟು ತೆರೆದೆ. ಕ್ರೆಶೆಂಡೋ ಇಟಾಲಿಯನ್ ಪದ, ‘ಕ್ರೆಶೆರೆ’ ಎಂದರೆ ಬೆಳೆಯುವುದು. ಕ್ರೆಶೆಂಡೋ ಎಂದರೆ ‘ಬೆಳೆಯುತ್ತಾ’. ನಮ್ಮ ನಡೆಯುತ್ತಾ, ಮಾಡುತ್ತಾ ಇದ್ದ ಹಾಗೆ. ಆ ‘ತ್ತಾ’ದಲ್ಲೇ ಪದದ ಜೀವ ಇದೆ, ನಾನು ಅದನ್ನೇ ‘ತಲುಪಿದ’ ಎಂದು ಮಾಡಿ ಮುಗಿಸಿಬಿಟ್ಟಿದ್ದೆ. ಇಂಗ್ಲಿಷಿನಲ್ಲಿ ‘ತುದಿ’ ಎಂಬ ಅರ್ಥ ನಿನ್ನೆ ಮೊನ್ನೆ ಹುಟ್ಟಿದ್ದೇನಲ್ಲ. 1925ರ ಕಾದಂಬರಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯಲ್ಲೇ ಪಾರ್ಟಿ ಮುಗಿದ ರಾತ್ರಿ ಕಾರುಗಳ ಹಾರನ್ ಸದ್ದು ಕ್ರೆಶೆಂಡೋವನ್ನು ‘ಮುಟ್ಟುತ್ತದೆ’. ಸಂಗೀತ ಬಲ್ಲವರು ಇವತ್ತಿಗೂ ಇದಕ್ಕೆ ಮೂಗು ಮುರಿಯುತ್ತಾರೆ, ನಿಘಂಟುಗಳು ಆ ಅರ್ಥವನ್ನೂ ಸೇರಿಸಿಕೊಂಡಿವೆ. ನನಗೆ ಮೂಗು ಮುರಿಯುವವರ ಕಡೆ ಅಷ್ಟೇನೂ ಒಲವಿಲ್ಲ. ನಾವೇನು ಕಡಿಮೆಯೇ? ‘ಅಪಸ್ವರ ಎತ್ತಿದ ಶಾಸಕರು’, ‘ಸಚಿವರ ಭಿನ್ನರಾಗ’ ಎಂದು ಬರೆಯುವಾಗ ಯಾವ ವಿದ್ವಾಂಸರನ್ನು ಕೇಳಿದ್ದೇವೆ? ನನ್ನ ‘ತಾರಕ’ವೇ ತಗೊಳ್ಳಿ. ಮಂದ್ರ, ಮಧ್ಯ, ತಾರ ಅನ್ನುವ ಸ್ಥಾಯಿಗಳಿಗೂ ಸದ್ದಿನ ಜೋರಿಗೂ ಸಂಬಂಧವಿಲ್ಲ. ತಾರ ಷಡ್ಜವನ್ನು ಮಗು ಮಲಗಿಸುವಷ್ಟು ಮೆಲ್ಲಗೂ ಹಾಡಬಹುದು. ಜಗಳ ತಾರಕಕ್ಕೇರಿತು ಅನ್ನುವಾಗ ಅದೆಲ್ಲ ಯಾರಿಗೆ ಬೇಕು.

ಆದರೆ ಪದದ ಅರ್ಥ ಓದಿ ತಿಳಿಯುವುದು ಬೇರೆ, ಕಿವಿಗೆ ಬೀಳುವುದು ಬೇರೆ. ಇಯರ್‌ಫೋನ್ ಹಾಕಿಕೊಂಡು ಫ್ರಾನ್ಸಿನ ಮಾರಿಸ್ ರವೆಲ್ 1928ರಲ್ಲಿ ರಚಿಸಿದ ‘ಬೊಲೆರೋ’ ಕೇಳಿದೆ. ಸುಮಾರು 15 ನಿಮಿಷದ ಕೃತಿ, ಪೂರ್ತಿ ಒಂದೇ ಕ್ರೆಶೆಂಡೋ. ಮೊದಲಿಗೆ ಪುಟ್ಟ ಡ್ರಮ್ಮಿನ ಸದ್ದು ಕೇಳಿಸದೆ ವಾಲ್ಯೂಮ್ ಏರಿಸಿದೆ. ಅದೇ ಲಯ, ಅದೇ ಧಾಟಿ, ಒಂದೊಂದೇ ವಾದ್ಯ ಬಂದು ಸೇರಿಕೊಳ್ಳುತ್ತದೆ. ಕೊನೆಗೆ ತಡೆಯಲಾರದೆ ಇಯರ್‌ಫೋನ್ ಕಿತ್ತಿಟ್ಟೆ. ಎಲ್ಲಿ ಜೋರಾಯಿತು ಎಂದು ಬೆರಳಿಟ್ಟು ತೋರಿಸಲು ನನ್ನಿಂದ ಆಗಲಿಲ್ಲ. ಬಚ್ಚಲಿಗೆ ಹೋಗಿ ಬಂದು ಸುಸ್ತಾಗಿ ಕೂತ ಆ ರೋಗಿಗೂ ಆಗುವುದಿಲ್ಲ. ಅದಕ್ಕೇ ಅವರಿಗೆ ‘ತೀವ್ರ ಹಂತ’ ಎನ್ನುವ ಮಾತು ಪ್ರಯೋಜನಕ್ಕಿಲ್ಲ.

ನಾನು ಮಲೆನಾಡಿನವಳು. ದೂರದ ಗುಡ್ಡದ ಕಾಡಿನ ಮೇಲೆ ಮಳೆ ಬಿದ್ದ ಸದ್ದು, ಆಮೇಲೆ ಆಚೆ ತೋಟದ ಮೇಲೆ, ಆಮೇಲೆ ನಮ್ಮ ತೋಟದ ಅಡಿಕೆ ಸೋಗೆ ಮೇಲೆ, ಅಂಗಳದಲ್ಲಿ ಹರವಿದ ಬಟ್ಟೆ ತೆಗೆಯಲು ಅಮ್ಮ ಓಡುವ ಹೊತ್ತಿಗೆ ನಮ್ಮ ಹಂಚಿನ ಮೇಲೆ. ಮಳೆ ಹಂಚಿಗೆ ಬೀಳುವ ತನಕ ಅಮ್ಮ ಯಾವತ್ತೂ ಕಾದವಳಲ್ಲ.

ಮಾರನೆಯ ದಿನ ಆ ಸಾಲನ್ನು ಹೀಗೆ ತಿದ್ದಿದೆ: ‘ಎದೆನೋವು ಮೊದಲಿಗಿಂತ ಪದೇಪದೇ ಬರುತ್ತಿದ್ದರೆ, ಮೊದಲಿಗಿಂತ ಕಡಿಮೆ ಕೆಲಸ ಮಾಡಿದರೂ ಬರುತ್ತಿದ್ದರೆ, ಅಥವಾ ಹೆಚ್ಚು ಹೊತ್ತು ಇರುತ್ತಿದ್ದರೆ, ನೋವು ಸಣ್ಣದಾಗಿದ್ದರೂ ಕೂಡಲೇ ಬನ್ನಿ.’ ಎರಡು ಪದಕ್ಕೆ ಇಷ್ಟುದ್ದದ ಸಾಲು. ಪುಟ ವಿನ್ಯಾಸ ಮಾಡುವ ಹುಡುಗ ಗೊಣಗಿದ. ಡಾಕ್ಟರು ಓದಿ, ಏನೂ ಹೇಳದೆ ಸಹಿ ಹಾಕಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಹೊಸ ಜ್ಞಾನದ ಉಮೇದಿನಲ್ಲಿ ಆಫೀಸಿನ ಪದಕೋಶದ ಫೈಲಿಗೆ ಒಂದು ನಮೂದು ಸೇರಿಸಿದ್ದೆ. ಕ್ರೆಶೆಂಡೋ: ಏರುತ್ತಾ ಹೋಗುವುದು. ಪಕ್ಕದಲ್ಲಿ ‘ಬದಲಾಯಿಸಕೂಡದು’ ಎಂಬ ಗುರುತು ಬೇರೆ. ಆ ಗುರುತು ಇದ್ದರೆ ಕಿರಿಯರು ಅದೇ ಪದ ಬಳಸಬೇಕು, ಸಾಫ್ಟ್‌ವೇರ್ ಬೇರೆಯದಕ್ಕೆ ಒಪ್ಪುವುದಿಲ್ಲ. ಆರು ತಿಂಗಳ ಮೇಲೆ ಹೊಸದಾಗಿ ಸೇರಿದ ಹುಡುಗಿ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದಳು. ಕ್ರಿಕೆಟ್ ಪಂದ್ಯದ ಬರಹ.

“ಅಕ್ಕಾ, ಇದು ಸರಿ ಅನ್ನಿಸ್ತಿಲ್ಲ. ಆದರೆ ಬದಲಾಯಿಸಕ್ಕೆ ಬಿಡ್ತಿಲ್ಲ.”

ಪರದೆ ಮೇಲಿತ್ತು: ‘ಕೊನೆಯ ಓವರಿನಲ್ಲಿ ಪ್ರೇಕ್ಷಕರ ಕೂಗು ಏರುತ್ತಾ ಹೋಗುವುದನ್ನು ಮುಟ್ಟಿತು.’

“ನಿನಗಾದರೆ ಏನಂತ ಬರೀತಿದ್ದೆ?”

“ಮುಗಿಲು ಮುಟ್ಟಿತು ಅಂತ.”

ಗುರುತು ತೆಗೆದು ಹಾಕಿದೆ. ಅವಳು ಅಲ್ಲೇ ನಿಂತು ತಿದ್ದಿ, ಫೈಲು ಕಳಿಸಿ, ಊಟಕ್ಕೆ ಹೋದಳು.