ಕಾಂಬೋಡಿಯಾದ ಹಳ್ಳಿ ಶಾಲೆಯಲ್ಲಿ ಮೂರು ವಾರ: ಸ್ವಯಂಸೇವೆಗೆ ಹೊರಡುವ ವಿದ್ಯಾರ್ಥಿಗಳಿಗೆ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ, ನನ್ನ 17ನೆಯ ವಯಸ್ಸಿನಲ್ಲಿ, ಇಬ್ಬರು ಗೆಳತಿಯರು ಮತ್ತು ನಮ್ಮ ಉಪನ್ಯಾಸಕಿಯೊಬ್ಬರ ಜೊತೆ ಕಾಂಬೋಡಿಯಾಕ್ಕೆ ಹೋಗಿ, ಸಿಯಾಮ್ ರೀಪ್ ಪಟ್ಟಣದ ಹೊರಗಿನ ಹಳ್ಳಿ ಶಾಲೆಯೊಂದರಲ್ಲಿ ಮೂರು ವಾರ ಸ್ವಯಂಸೇವೆ ಮಾಡಿದೆ. ಇಂಥದೇ ಪ್ರಯಾಣದ ಯೋಚನೆಯಲ್ಲಿರುವ ನನ್ನ ವಯಸ್ಸಿನವರಿಗೆ ಮತ್ತು ಅವರ ಮನೆಯವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು ಕೆಲಸದ ಆಯ್ಕೆ. ನಾವು ಮೊದಲು ಸಂಪರ್ಕಿಸಿದ ಸಂಸ್ಥೆಯೊಂದು ಅನಾಥಾಶ್ರಮದಲ್ಲಿ ಎರಡು ವಾರ ಮಕ್ಕಳೊಂದಿಗೆ ಆಡಿ ಪಾಡಿ ಬರುವ ಅವಕಾಶವನ್ನು ಮುಂದಿಟ್ಟಿತು. ಅದಕ್ಕೆ ದೊಡ್ಡ ಮೊತ್ತದ ಶುಲ್ಕವೂ ಇತ್ತು. ನಮ್ಮ ಉಪನ್ಯಾಸಕಿ ಒಪ್ಪಲಿಲ್ಲ. ಕಾಂಬೋಡಿಯಾದ ಅನಾಥಾಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದಾರೆಂದು ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆಯಾದ ಯುನಿಸೆಫ್ ವರ್ಷಗಳಿಂದ ಹೇಳುತ್ತಿದೆ; 2005ರಿಂದ 2010ರ ನಡುವೆ ಇಂಥ ಆಶ್ರಮಗಳ ಸಂಖ್ಯೆ ಸುಮಾರು ಶೇಕಡಾ 75ರಷ್ಟು ಹೆಚ್ಚಿದ್ದಕ್ಕೆ ಪ್ರವಾಸಿಗರ ದೇಣಿಗೆಯೂ ಒಂದು ಕಾರಣ. ಎರಡು ವಾರ ಹಚ್ಚಿಕೊಂಡು ಹೊರಟುಹೋಗುವ ಅಪರಿಚಿತರಿಂದ ಆ ಮಕ್ಕಳಿಗೆ ಆಗುವ ನೋವನ್ನು ಯಾರೂ ತುಂಬಿಕೊಡಲಾರರು. ಆದ್ದರಿಂದ ಅನಾಥಾಶ್ರಮದ ಕೆಲಸವನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಅಲ್ಲಿನವರೇ ನಡೆಸುವ ಕೆಲಸಕ್ಕೆ ಕೈಜೋಡಿಸುವ ಅವಕಾಶವನ್ನು ಹುಡುಕಿ. ನಮ್ಮ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು ಆ ಊರಿನ ಶಿಕ್ಷಕಿಯೇ. ನಾವು ಅವರ ಪಕ್ಕದಲ್ಲಿ ಕುಳಿತು ಇಂಗ್ಲಿಷ್ ಪದಗಳನ್ನು ಓದಿ ಹೇಳುತ್ತಿದ್ದೆವು, ಚಿತ್ರದ ಕಾರ್ಡುಗಳನ್ನು ಕತ್ತರಿಸಿ ಅಂಟಿಸುತ್ತಿದ್ದೆವು, ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದೆವು.

ದಿನಾಂಕ ಗೊತ್ತುಮಾಡುವಾಗ ನಾವು ಒಂದು ತಪ್ಪು ಮಾಡಿದೆವು. ನಮ್ಮ ಸೌರಮಾನ ಯುಗಾದಿಯ ಹೊತ್ತಿಗೇ, ಅಂದರೆ ಏಪ್ರಿಲ್ ಮಧ್ಯದಲ್ಲಿ, ಕಾಂಬೋಡಿಯಾದ ಬಹುಸಂಖ್ಯಾತರಾದ ಖ್ಮೇರ್ ಜನರ ಹೊಸ ವರ್ಷವೂ ಬರುತ್ತದೆ ಮತ್ತು ಆಗ ಶಾಲೆಗಳು ಮುಚ್ಚಿರುತ್ತವೆ. ನಾವು ಆ ವಾರವೇ ಹೋಗಿ ಇಳಿದೆವು. ಜೊತೆಗೆ ಏಪ್ರಿಲ್ ಅಲ್ಲಿ ವರ್ಷದ ಅತಿ ಬಿಸಿಯ ತಿಂಗಳು. ಮಧ್ಯಾಹ್ನ ಹೊರಗೆ ನಿಲ್ಲಲಾಗುವುದಿಲ್ಲ.

ಎರಡನೆಯ ವಾರ ನನ್ನಿಂದಾದ ಇನ್ನೊಂದು ತಪ್ಪು ಇಂದಿಗೂ ಮನಸ್ಸಿನಲ್ಲಿದೆ. ಕಾರ್ಡಿನ ಮೇಲಿನ ಪದವನ್ನು ಸರಿಯಾಗಿ ಓದಿದ ಪುಟ್ಟ ಹುಡುಗನ ತಲೆಯನ್ನು ಪ್ರೀತಿಯಿಂದ ನೇವರಿಸಿದೆ. ಅವನು ಕುತ್ತಿಗೆ ಕುಗ್ಗಿಸಿ ಹಿಂದೆ ಸರಿದ; ತರಗತಿ ಒಮ್ಮೆಲೇ ಸುಮ್ಮನಾಯಿತು. ನಮ್ಮಲ್ಲಿ ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ; ಅಲ್ಲಿ ತಲೆ ದೇಹದ ಅತ್ಯಂತ ಪವಿತ್ರ ಭಾಗ, ಅದನ್ನು ಹೊರಗಿನವರು ಮುಟ್ಟಬಾರದು. ನಾನು ಕೈಮುಗಿದು ಕ್ಷಮೆ ಕೇಳಿದಾಗ ಶಿಕ್ಷಕಿ ನಕ್ಕು, ಹುಡುಗನನ್ನು ಮತ್ತೆ ನನ್ನ ಬಳಿ ಕೂರಿಸಿದರು. ಕೈಮುಗಿಯುವುದರಲ್ಲೂ ಅವರಿಗೆ ಕ್ರಮವಿದೆ: ಓರಗೆಯವರಿಗೆ ಎದೆಯ ಮಟ್ಟದಲ್ಲಿ, ತಂದೆ ತಾಯಿ ಮತ್ತು ಗುರುಗಳಿಗೆ ಮೂಗಿನ ಮಟ್ಟದಲ್ಲಿ, ಭಿಕ್ಷುಗಳಿಗೆ ಹುಬ್ಬಿನ ಮಟ್ಟದಲ್ಲಿ. ಹುಡುಗಿಯರು ಭಿಕ್ಷುಗಳನ್ನು ಮುಟ್ಟಬಾರದು. ಕುಳಿತಾಗ ಪಾದವನ್ನು ಯಾರ ಕಡೆಗೂ, ಅದರಲ್ಲೂ ಬುದ್ಧನ ವಿಗ್ರಹದ ಕಡೆಗೆ, ಚಾಚಬಾರದು. ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆಯಿರಲಿ. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಡಳಿತದಲ್ಲಿ ಲಕ್ಷಾಂತರ ಜನ ಸತ್ತರು. ನೀವು ತಂಗುವ ಮನೆಯ ಹಿರಿಯರು ಆ ದಿನಗಳ ಬಗ್ಗೆ ತಾವಾಗಿ ಹೇಳಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ.

ಭಾಷೆ ನಾವು ಹೆದರಿದಷ್ಟು ದೂರದ್ದಾಗಿರಲಿಲ್ಲ. ಶಾಲೆಗೆ ಅವರು 'ಸಾಲಾ' ಎನ್ನುತ್ತಾರೆ, ಗುರುವಿಗೆ 'ಕ್ರೂ'. ಮಕ್ಕಳು 'ಕಾ, ಖಾ, ಕೋ, ಖೋ, ಙೋ' ಎಂದು ವರ್ಣಮಾಲೆ ಒಪ್ಪಿಸಿದಾಗ ನಮಗೆ ಮೈ ಜುಮ್ಮೆಂದಿತು, ಏಕೆಂದರೆ ಅದು ನಮ್ಮದೇ ಕವರ್ಗದ ಕ್ರಮ. 'ಊಟ ಆಯಿತೇ' ಎಂದು ಕೇಳಿಯೇ ಮಾತು ಶುರುಮಾಡುವ ರೂಢಿ ಅಲ್ಲೂ ಇದೆ.

ಸಸ್ಯಾಹಾರಿಗಳು ಮಾತ್ರ ಎಚ್ಚರ ವಹಿಸಬೇಕು. ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. 'ಪ್ರಹೊಕ್' ಎಂಬ ಹುದುಗಿಸಿದ ಮೀನಿನ ಪೇಸ್ಟ್ ಅವರ ಅಡುಗೆಯ ಜೀವಾಳ. ಮೀನು, ಮಾಂಸ, ಮೀನಿನ ಸಾಸ್ ಬೇಡವೆಂದು ಖ್ಮೇರ್ ಲಿಪಿಯಲ್ಲೇ ಬರೆಸಿದ ಚೀಟಿ ನಮ್ಮ ಬಳಿ ಇತ್ತು. ನಾವು ತಂಗಿದ್ದ ಮನೆಯ ಅಜ್ಜಿ ಅದನ್ನು ಮೊಮ್ಮಗಳಿಂದ ಓದಿಸಿಕೊಂಡು, ಅಂದಿನಿಂದ ಬೇರೆ ಬಾಣಲೆಯಲ್ಲಿ ಬೆಳ್ಳುಳ್ಳಿ ಹಾಕಿ ನಮಗೆ ಸೊಪ್ಪು ಹುರಿದುಕೊಟ್ಟರು. ನಮ್ಮ ಚಟ್ನಿಪುಡಿಯನ್ನು ಅನ್ನಕ್ಕೆ ಕಲಸಿ ತಿಂದು ಎರಡನೆಯ ಸಲವೂ ಕೇಳಿದರು. ಚಟ್ನಿಪುಡಿ, ಅವಲಕ್ಕಿ, ಹುರಿಹಿಟ್ಟು ಒಂದಿಷ್ಟು ಹೆಚ್ಚೇ ಇರಲಿ.

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಸ್ವಯಂಸೇವೆಗೆ ಯಾವ ವರ್ಗದ ವೀಸಾ ಬೇಕೆಂದು ಕಾಂಬೋಡಿಯಾದ ರಾಯಭಾರ ಕಚೇರಿಯಿಂದ ಲಿಖಿತವಾಗಿ ತಿಳಿದುಕೊಳ್ಳಿ. 18 ತುಂಬದವರು ತಂದೆ ತಾಯಿಯರ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಇಟ್ಟುಕೊಳ್ಳುವುದು ಒಳ್ಳೆಯದು. ಲಸಿಕೆಗಳ ಬಗ್ಗೆ ತಿಂಗಳ ಮೊದಲೇ ವೈದ್ಯರನ್ನು ಕೇಳಿ. ಡೆಂಗಿ ಇರುವುದರಿಂದ ಸೊಳ್ಳೆಯಿಂದ ರಕ್ಷಣೆ ಬೇಕೇ ಬೇಕು. ಯುದ್ಧಕಾಲದ ನೆಲಬಾಂಬುಗಳು ಕೆಲವು ಗ್ರಾಮೀಣ ಪ್ರದೇಶಗಳಲ್ಲಿ ಇನ್ನೂ ಉಳಿದಿರುವುದರಿಂದ, ಜನ ನಡೆದಾಡುವ ದಾರಿ ಬಿಟ್ಟು ಗದ್ದೆ ಕಾಡುಗಳಿಗೆ ಇಳಿಯಬೇಡಿ. ಅಲ್ಲಿ ಆ ದೇಶದ ಹಣವಾದ ರಿಯೆಲ್ ಜೊತೆಗೆ ಅಮೆರಿಕದ ಡಾಲರ್ ಕೂಡ ಚಲಾವಣೆಯಲ್ಲಿದೆ, ಒಂದು ಡಾಲರಿಗೆ ಸುಮಾರು 4,000 ರಿಯೆಲ್. ಆದರೆ ಸ್ವಲ್ಪ ಹರಿದ ಡಾಲರ್ ನೋಟನ್ನೂ ಅಂಗಡಿಯವರು ಮುಟ್ಟುವುದಿಲ್ಲವಾದ್ದರಿಂದ, ಇಲ್ಲಿ ವಿನಿಮಯ ಮಾಡಿಸುವಾಗಲೇ ಪ್ರತಿ ನೋಟನ್ನು ಬೆಳಕಿಗೆ ಹಿಡಿದು ನೋಡಿ, ಚಿಕ್ಕ ಮೊತ್ತದ ಹೊಸ ನೋಟುಗಳನ್ನೇ ಕೇಳಿ ಪಡೆದುಕೊಳ್ಳಿ.