ಇಂಜಿನ್ ನೋಡಿ ತಗೊಂಡ್ವಿ, ಕ್ಲಚ್ ಕೇಳೋದ್ ಮರ್ತ್ವಿ

ಕೆರಗೋಡು ಕಡೆ ಒಂದು ಆಲೆಮನೇಲಿ ಹನ್ನೊಂದು ವರ್ಷದಿಂದ ರೈಟರ್ ಕೆಲ್ಸ ನಂದು. ರೈಟರ್ ಅಂದ್ರೆ ಬರೀ ಲೆಕ್ಕ ಬರ್ಕೊಂಡ್ ಕೂರೋದು ಅಂದ್ಕೋಬೇಡಿ, ಕಬ್ಬಿನ ಲೋಡ್ ಯಾವಾಗ ಬರುತ್ತೆ, ರಚ್ಚು (ಗಾಣದಲ್ಲಿ ಹಿಂಡಿದ್ ಮೇಲೆ ಉಳಿಯೋ ಕಬ್ಬಿನ ಸಿಪ್ಪೆ, ಒಲೆಗೆ ಅದೇ ಉರುವಲು) ಒಣಗಿದ್ಯಾ, ಒಲೆ ಹುಡುಗ್ರು ಊರಿಗೆ ಹೋಗ್ತೀವಿ ಅಂತ ಗಂಟು ಕಟ್ಟುದ್ರೆ ಬದಲಿಗೆ ಯಾರನ್ನ ಹಿಡ್ಕೊಂಡ್ ಬರೋದು, ಎಲ್ಲಾ ನನ್ ತಲೆ ಮೇಲೇನೆ. ಹಳೇ ಟ್ರಾಕ್ಟರ್ ತಗೊಳೋ ವಿಷ್ಯನೂ ಹಂಗೇ ನನ್ ತಲೆಗೆ ಬಂತು.

ನಮ್ ಯಾರ್ಡಲ್ಲಿ ಟ್ರಾಕ್ಟರಿಗೆ ಕೆಲ್ಸ ಏನು ಅಂದ್ರೆ, ರಾಶಿಯಿಂದ ಕಬ್ಬನ್ನ ಗಾಣದ ಹತ್ರ ಎಳೀಬೇಕು, ಗಾಣದಿಂದ ಬಿದ್ದ ಹಸಿ ರಚ್ಚನ್ನ ಬಯಲಿಗೆ ಹಾಕ್ಬೇಕು, ಒಣಗಿದ್ದನ್ನ ವಾಪಸ್ ಒಲೆ ಶೆಡ್ಡಿಗೆ ತರ್ಬೇಕು, ಒಲೆ ಬೂದಿ ತಗ್ದು ಆಚೆ ಹಾಕ್ಬೇಕು. ಎಲ್ಲಾ ಸೇರಿ ಎರಡೆಕ್ರೆ ಒಳಗೇ ಸುತ್ತಾಟ. ಮುಂಚೆ ಪಕ್ಕದೂರಿಂದ ಬಾಡಿಗೆಗೆ ಕರುಸ್ತಿದ್ವಿ, ಆದ್ರೆ ನಾಲೆಗೆ ನೀರು ಬಿಟ್ಟ ತಕ್ಷಣ ಅವ್ರು ಗದ್ದೆಗೆ ಇಳೀತಿದ್ರು, ನಮ್ ಫೋನೇ ಎತ್ತುತ್ತಿರ್ಲಿಲ್ಲ. ಅವ್ರದ್ದೇನೂ ತಪ್ಪಿಲ್ಲ ಬಿಡಿ, ನಾಟಿ ಟೈಮಲ್ಲಿ ರಚ್ಚು ಎಳೆಯೋಕೆ ಯಾರ್ ಬರ್ತಾರೆ.

ಆಲೆಮನೆ ಯಜಮಾನ್ರು ಗೌಡ್ರಿಗೆ ಹೊಸ ಮಿನಿ ಟ್ರಾಕ್ಟರ್ ಮೇಲೆ ಮನಸ್ಸಿತ್ತು. ನಾನೇ ಬೇಡ ಅಂದಿದ್ದು, ಆ ಮಾತಿಗೆ ಈಗ್ಲೂ ನಿಲ್ತೀನಿ. ಎಳೆಯೋಕೆ ಬರೀ ಎಚ್‌ಪಿ ಸಾಲದು, ಗಾಡಿ ತೂಕ ಬೇಕು. ಕಬ್ಬು ತುಂಬಿದ ಟ್ರೇಲರ್ ಹಿಂದೆ ಇದ್ದಾಗ ಹಗುರ ಗಾಡಿ ಕೆಸರಲ್ಲಿ ಚಕ್ರ ತಿರುಗುಸ್ಕೊಂಡು ನಿಂತ್ಬಿಡುತ್ತೆ, ಇಳುಕ್ಲಲ್ಲಿ ಬ್ರೇಕ್ ಹಿಡುದ್ರೆ ಟ್ರೇಲರೇ ಗಾಡೀನ ತಳ್ಕೊಂಡ್ ಹೋಗುತ್ತೆ. ಹಂಗಾಗಿ 35 ಎಚ್‌ಪಿ ಹಳೇ ಗಾಡಿ ಅಂತ ಆಯ್ತು. ಹಳೇದ್ರಲ್ಲಿ ಮ್ಯಾಸಿ, ಮಹೀಂದ್ರ, ಸ್ವರಾಜ್ ಆದ್ರೆ ಪಾರ್ಟ್ಸ್ ಮಂಡ್ಯದಲ್ಲೇ ಸಿಗುತ್ತೆ. ಎಚ್‌ಎಂಟಿ ಕಡಿಮೆಗೆ ಬಂದಿತ್ತು, ಗಟ್ಟಿ ಗಾಡಿನೇ, ಆದ್ರೆ ತಯಾರಿಕೆ ನಿಂತು ವರ್ಷಗಳೇ ಆಯ್ತಲ್ಲ, ಒಂದು ಸಣ್ಣ ಪಾರ್ಟಿಗೆ ವಾರಗಟ್ಲೆ ಅಲಿಯೋಕೆ ಆಗಲ್ಲ ಅಂತ ಬಿಟ್ವಿ.

ಪಾಂಡವಪುರದ ಕಡೆ ಒಂದು 1998ರ ಮಾಡೆಲ್ ಸಿಕ್ತು, ಕಂಪನಿ ಹೆಸ್ರು ಬೇಡ, ಗಾಡಿದು ತಪ್ಪಲ್ಲ. ನಾನು ಇಂಜಿನ್ ಚೆನ್ನಾಗೇ ನೋಡ್ದೆ ಕಣ್ರೀ. ಬೆಳಿಗ್ಗೆ ಬೇಗ ಹೋಗಿ ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆ ಅಂತ ಖಾತ್ರಿ ಮಾಡ್ಕೊಂಡು ಸ್ಟಾರ್ಟ್ ಮಾಡ್ಸಿದ್ದು. ನೀಲಿ ಹೊಗೆ ಇಲ್ಲ, ಆಯಿಲ್ ಕ್ಯಾಪ್ ತೆಗುದ್ರೆ ಹೊಗೆ ನುಗ್ಗಿ ಬರ್ಲಿಲ್ಲ, ರೇಡಿಯೇಟರ್ ನೀರಲ್ಲಿ ಆಯಿಲ್ ತೇಲ್ತಿರ್ಲಿಲ್ಲ. ಗಾಡಿ ಎಷ್ಟು ಗಂಟೆ ಓಡಿದೆ ಅಂತ ತೋರ್ಸೋ ಅವರ್ ಮೀಟ್ರು ಕೆಟ್ಟಿತ್ತು, ಅದನ್ನ ನಾನು ನಂಬೋದೂ ಇಲ್ಲ. ಒಂದು ಲಕ್ಷದ ಅರವತ್ತೈದಕ್ಕೆ ಮುಗಿಸ್ಕೊಂಡ್ ಬಂದ್ವಿ, ನಂಗೆ ಸ್ವಲ್ಪ ಜಂಬನೂ ಬಂದಿತ್ತು.

ಮೂರೇ ತಿಂಗ್ಳು, ಕ್ಲಚ್ ಜಾರೋಕೆ ಶುರು. ಗಾಡಿ ಕಿರುಚ್ತಿದೆ, ಟ್ರೇಲರ್ ಕದಲ್ತಿಲ್ಲ. ಗಾಡಿ ರಿಪೇರಿ ಮಾಡೋ ನಮ್ ಮೇಸ್ತ್ರಿ ಬಂದು ಎರಡ್ ಸಲ ರಿವರ್ಸ್ ಹಾಕ್ಸಿ ನೋಡಿ ಕೇಳಿದ್ದು, "ರೈಟ್ರೆ, ದಿನಕ್ಕೆ ಎಷ್ಟ್ ಸಲ ಹಿಂದೆ ಮುಂದೆ ಆಯ್ತದೆ?" ಅಂತ. ನಂಗೆ ಉತ್ರ ಗೊತ್ತಿರ್ಲಿಲ್ಲ. ಮಾರ್ನೇ ದಿನ ಬಾಡಿಗೆ ಗಾಡಿ ಕರ್ಸಿ ಕೂತು ಎಣಿಸ್ದೆ, ಬೆಳಿಗ್ಗೆಯಿಂದ ಊಟದೊಳಗೆ ಅದ್ರ ಡ್ರೈವರ್ ನೂರಾ ಹತ್ತು ಸಲ ಕ್ಲಚ್ ತುಳುದ. ಹೊಲದಲ್ಲಿ ಉಳೋ ಗಾಡಿ ಒಂದ್ ಗೇರಿಗೆ ಹಾಕುದ್ರೆ ಬದುವಿನ ತನಕ ಕ್ಲಚ್ ಮುಟ್ಟೋದೇ ಬೇಡ, ಯಾರ್ಡ್ ಗಾಡೀಲಿ ಕಾಲು ಕ್ಲಚ್ ಮೇಲೇ ಇರುತ್ತೆ, ಅದ್ರಲ್ಲೂ ಅರ್ಧ ಕ್ಲಚ್ಚಲ್ಲಿ ತೆವಳ್ಕೊಂಡು ಟ್ರೇಲರ್ ಸೇರ್ಸೋದು. ನಾನು ನೋಡಿದ್ದು ಉಳೋಕೆ ಬೇಕಾದ ಗಾಡೀನ.

ಟ್ರಾಕ್ಟರಲ್ಲಿ ಕ್ಲಚ್ ಪ್ಲೇಟ್ ಬದ್ಲಾಯಿಸೋದು ಅಂದ್ರೆ ಬೈಕ್ ಥರ ಸೈಡ್ ಕವರ್ ಬಿಚ್ಚಿ ಹಾಕೋ ಕೆಲ್ಸ ಅಲ್ಲ, ಇಂಜಿನ್ ಬೇರೆ ಗೇರ್ ಬಾಕ್ಸ್ ಬೇರೆ ಅಂತ ಗಾಡೀನ ನಡುಮಧ್ಯ ಎರಡು ಹೋಳು ಮಾಡ್ಬೇಕು. ಕೆಳಗೆ ಜಾಕಿ, ಮರದ ದಿಮ್ಮಿ. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು, ಕೂಲಿ ಸೇರಿ ಹದಿನೆಂಟು ಸಾವ್ರ, ಮೇಲೆ ನಾಲ್ಕು ದಿನ ಗಾಡಿ ಇಲ್ಲ.

ಇಷ್ಟಕ್ಕೇ ಮುಗೀಲಿಲ್ಲ. ಒಣ ರಚ್ಚಿನ ಧೂಳು ನೋಡಿದ್ದೀರಲ್ಲ, ಹತ್ತಿ ಥರ ಹಾರಿ ರೇಡಿಯೇಟರ್ ಸಂದಿಗೆಲ್ಲಾ ಅಂಟ್ಕೊಳುತ್ತೆ, ಸಂಜೆ ಆಗೋಷ್ಟ್ರಲ್ಲಿ ಗಾಡಿ ಕುದಿಯೋದು. ಈಗ ದಿನಾ ಒಳಗಡೆಯಿಂದ ಹೊರಗಡೆಗೆ ಗಾಳಿ ಹೊಡುಸ್ತೀವಿ, ಏರ್ ಫಿಲ್ಟರ್ ಬಟ್ಲಿನ ಆಯಿಲ್ ವಾರಕ್ಕೊಂದ್ಸಲ ಚೆಲ್ಲಿ ಹೊಸ್ದು ಹಾಕ್ತೀವಿ.

ಆದ್ರೆ ನಂಗೆ ನಿಜ್ವಾಗ್ಲೂ ಬುದ್ಧಿ ಬಂದಿದ್ದು ಮಳೆ ದಿನ. ಬ್ಯಾಟರಿ ವೀಕ್ ಆಗಿದ್ರಿಂದ ಡ್ರೈವರ್ ಗಾಡೀನ ಯಾವಾಗ್ಲೂ ಇಳುಕ್ಲಲ್ಲೇ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡ್ತಿದ್ದ, ಬೆಳಿಗ್ಗೆ ಕಲ್ಲು ಎಳುದ್ರೆ ಉರುಳ್ಕೊಂಡೇ ಸ್ಟಾರ್ಟ್. ಅವತ್ತು ಟ್ರೇಲರ್ ಕಟ್ಟಿ ಬಯಲಲ್ಲಿ ಸಮತಟ್ಟು ಜಾಗ್ದಲ್ಲೇ ಆಫ್ ಮಾಡಿದ್ದ. ನಾಲ್ಕು ಗಂಟೆಗೆ ಮೋಡ ಕಪ್ಪಾಯ್ತು, ಸೆಲ್ಫ್ ಹೊಡುದ್ರೆ ಒಂದು ಸಲ ನರಳಿ ಸುಮ್ನಾಯ್ತು. ಎಂಟು ಜನ ತಳ್ಳುದ್ವಿ, ಕದಲ್ಲಿಲ್ಲ, ಟ್ರೇಲರ್ ಬಿಚ್ಚಿ ತಳ್ಳೋಷ್ಟ್ರಲ್ಲಿ ಹನಿ ಬಿದ್ದೇ ಬಿಡ್ತು. ಬಯಲಲ್ಲಿದ್ದ ಒಣ ರಚ್ಚನ್ನ ಹೊರೆ ಕಟ್ಟಿ ತಲೆ ಮೇಲೆ ಹೊತ್ರು ಹುಡುಗ್ರು, ಅರ್ಧ ಒಳಗೆ ಬಂತು, ಅರ್ಧ ನೆಂದು ಮುದ್ದೆ. ಎರಡು ದಿನ ಒಲೆ ಹಚ್ಚೋಕಾಗ್ಲಿಲ್ಲ. ಕಡಿದ ಕಬ್ಬು ಕಾಯಲ್ಲ, ನಿಂತಷ್ಟೂ ಹಾಲು ಹುಳಿ ತಿರುಗುತ್ತೆ, ಆಮೇಲೆ ಎಷ್ಟ್ ಕಾಯ್ಸುದ್ರೂ ಬೆಲ್ಲ ಅಚ್ಚಲ್ಲಿ ಗಟ್ಟಿಯಾಗಿ ಕೂರಲ್ಲ. ಮೆತ್ತಗಿನ ಬೆಲ್ಲಕ್ಕೆ ಮಂಡೀಲಿ ಏನ್ ರೇಟ್ ಸಿಗುತ್ತೆ ಅಂತ ಇಲ್ಲಿ ಬರೆಯಲ್ಲ, ಗೌಡ್ರು ಓದುದ್ರೆ ಮತ್ತೆ ಹೊಟ್ಟೆ ಉರ್ಕೋತಾರೆ. ಒಂದು ಒಳ್ಳೇ ಬ್ಯಾಟರಿ ದುಡ್ಡು ಉಳ್ಸಿದ್ದು ನಾನು.

ಪೇಪರ್ ವಿಷ್ಯ ಚಿಕ್ಕದಾಗಿ ಹೇಳ್ತೀನಿ. ಯಾರ್ಡ್ ಒಳಗೇ ಓಡೋ ಗಾಡಿಗೆ ಆರ್‌ಸಿ ಯಾಕೆ ಅಂತ ಗೌಡ್ರ ವಾದ. ಲೋಡ್ ತೂಕ ಹಾಕೋ ವೇಬ್ರಿಡ್ಜ್ ರಸ್ತೆ ಆಚೆ ಇದೆ, ದಾಟುದ್ರೆ ರಸ್ತೆನೇ. ಆರ್‌ಸಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಂದ್ಸಲ ರಿನೀವಲ್. ಇಷ್ಟು ಹಳೇ ಗಾಡಿ ಅಂದ್ರೆ ಅದೇ ಮೊದ್ಲು ನೋಡ್ಬೇಕು, ಆಮೇಲೆ ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ ಹೈಪೋತಿಕೇಶನ್ (ಸಾಲಕ್ಕೆ ಗಾಡಿ ಅಡ ಇಟ್ಟಿರೋ ನಮೂದು) ತೆಗ್ದಿದ್ದಾರಾ ಅಂತ. ಸಾಲ ಎಂದೋ ತೀರ್ಸಿರ್ತಾರೆ, ಆರ್‌ಸೀಲಿ ಬ್ಯಾಂಕ್ ಹೆಸ್ರು ಹಂಗೇ ಕೂತಿರುತ್ತೆ. ಗಾಡಿ ಹೆಸ್ರು ಬದಲಾಯ್ಸೋ ಫಾರಂ 29, 30ಕ್ಕೆ ಮಾರೋರ ಸೈನ್ ದುಡ್ಡು ಕೊಡೋ ದಿನಾನೇ ಹಾಕ್ಸಿ, ಆಮೇಲೆ ಫೋನ್ ಎತ್ತಲ್ಲ.

ಈ ವರ್ಷ ಆ ಗಾಡಿ ಕೊಟ್ಟು ಇನ್ನೊಂದು ತಂದ್ವಿ. ಈ ಸಲ ಮೇಸ್ತ್ರೀನ, ಡ್ರೈವರ್ ಹುಡುಗನ್ನ ಇಬ್ರುನ್ನೂ ಕರ್ಕೊಂಡ್ ಹೋಗಿದ್ದೆ, ಓಡ್ಸೋನೇ ಕೂತ್ ನೋಡ್ಲಿ ಅಂತ. ಮಾರೋರ ಹಿತ್ಲಲ್ಲೇ ತುಂಬಿದ ಟ್ರೇಲರ್ ಕಟ್ಸಿ ಹುಡುಗ ಹಿಂದಕ್ಕೆ ಮುಂದಕ್ಕೆ ಅರ್ಧ ಗಂಟೆ ಆಡ್ಸಿದ. ಮುಂದಿನ ಚಕ್ರ ಜಾಕಲ್ಲಿ ಎತ್ತಿ ಅಲ್ಲಾಡ್ಸಿ ಬುಷ್ ಆಟ ನೋಡಿದ್ದಾಯ್ತು. ಹೈಡ್ರಾಲಿಕ್ ಮೇಲೆ ಕಲ್ಟಿವೇಟರ್ ಎತ್ತಿ ಇಂಜಿನ್ ಆಫ್ ಮಾಡಿ ಬಿಟ್ವಿ, ಕಾಫಿ ಕುಡುದ್ ಬಂದ್ರೂ ಇಳ್ದಿರ್ಲಿಲ್ಲ. ಪವರ್ ಸ್ಟೀರಿಂಗು, ಆಯಿಲ್ ಬ್ರೇಕು ಎರಡೂ ಇದೆ. ಇಂಜಿನ್ ಮಾತ್ರ ಹಳೇದಕ್ಕಿಂತ ಸೋತಿದೆ, ತೆಳ್ಳಗೆ ನೀಲಿ ಹೊಗೆ ಬರುತ್ತೆ, ಮೇಸ್ತ್ರಿ ಹೇಳೋ ಪ್ರಕಾರ ಇನ್ನೊಂದೆರಡು ವರ್ಷಕ್ಕೆ ರಿಂಗ್ ಕೆಲ್ಸ ಬರುತ್ತೆ, ಅದನ್ನ ಹೇಳಿನೇ ಹದಿನೈದು ಸಾವ್ರ ಇಳ್ಸುದ್ವಿ. ಈಗ ವಾರಕ್ಕೆ ಅರ್ಧ ಲೀಟರ್ ಆಯಿಲ್ ಹಾಕ್ತಿದೀನಿ, ಪುಸ್ತಕದಲ್ಲಿ ಬೇರೆ ಕಾಲಂ ಮಾಡ್ಕೊಂಡಿದೀನಿ.

ಗಾಡಿ ಈಗ ಸಮತಟ್ಟಲ್ಲೇ ನಿಲ್ಲುತ್ತೆ. ಆ ಕಲ್ಲನ್ನ ಮಾತ್ರ ಹುಡುಗ ಇನ್ನೂ ಟೂಲ್ ಬಾಕ್ಸ್ ಪಕ್ಕ ಇಟ್ಕೊಂಡವ್ನೆ, "ಇರ್ಲಿ ಬುಡಿ ಅಣ್ಣ" ಅಂತಾನೆ.